ಪ್ರಜೆ ಹೌದು, ನಾಗರಿಕಳಲ್ಲ

ಎಂಬತ್ತಮೂರು, ಇಮಿಗ್ರೇಷನ್ ಆಫೀಸಿನ ಗೋಡೆಯ ಮೇಲಿನ ಕೆಂಪು ಅಂಕಿ ಟಕ್ಕೆಂದು ಬದಲಾಯಿತು, ಸೀನಾ ಒಳಗೆ ಹೋದಾಗ ಎಪ್ಪತ್ತೊಂಬತ್ತಿತ್ತು, ಅವಳ ನಂತರ ಹೋದ ಇಬ್ಬರು ನಗುತ್ತ ಹೊರಗೆ ಬಂದೂ ಆಯಿತು, ಅವಳು ಮಾತ್ರ ಇನ್ನೂ ಇಲ್ಲ — ಅವಳ ಕೈಚೀಲ ನನ್ನ ತೊಡೆಯ ಮೇಲಿದೆ, ತೆಂಗಿನೆಣ್ಣೆಯ ವಾಸನೆ, ನಮ್ಮ ತೆಂಗಿನೆಣ್ಣೆಯಲ್ಲ, ಏನೋ ಹೂವು ಹಾಕಿ ಕಾಯಿಸಿದ್ದು, ಯಾವ ಹೂವು ಅಂತ ಕೇಳಬೇಕು, ಕೇಳಬೇಕು ಕೇಳಬೇಕು, ನನ್ನ ಕಾಯಿಲೆಯೇ ಇದು, ನಿಂಗೆ ಎಲ್ಲದರದ್ದೂ ಕೊನೇ ಪುಟ ಓದ್ಲೇಬೇಕಲ್ವಾ ನಳಿನಾಕ್ಷಿ, ತಪ್ಪು ಹುಡುಕೋ ಟೆಸ್ಟಿಂಗ್ ಕೆಲಸ ಆಫೀಸಲ್ಲೇ ಬಿಟ್ಟು ಬಾರಮ್ಮ, ಎಂದು ನನ್ನ ಗಂಡ ಪ್ರೀತಮ್ ರೇಗಿಸುವುದು ಸುಳ್ಳಲ್ಲ, ಆದರೆ ಕೊನೆಯ ಪುಟದಲ್ಲೇ ಅಲ್ಲವೇ ಅದು ಸಿಕ್ಕಿದ್ದು. ಹೋದ ವರ್ಷ ಮಾರ್ಚ್, ಪಾರ್ಸಿಪನಿಯ ನಮ್ಮ ಆಫೀಸಿನ ಊಟದ ಕೋಣೆ, ಫ್ರಂಟ್ ಡೆಸ್ಕಿನ ಸೀನಾ, ನಾನು ಬ್ಯಾಡ್ಜ್ ಮರೆತು ಬಂದ ದಿನವೆಲ್ಲ ಬೈದುಕೊಂಡೇ ಬಾಗಿಲು ತೆಗೆಯುವವಳು, ಹೊಸ ಪಾಸ್‌ಪೋರ್ಟ್ ತೋರಿಸುತ್ತಿದ್ದಾಳೆ, ಐವತ್ತೆರಡು ವರ್ಷಕ್ಕೆ ಮೊದಲ ಪಾಸ್‌ಪೋರ್ಟ್, ಊರಿಗೆ ಹೋಗಬೇಕು, ಊರು ಯಾವುದು, ಅಮೆರಿಕನ್ ಸಮೋವಾ, ಪೆಸಿಫಿಕ್ ಸಮುದ್ರದ ನಡುವೆ, ಹವಾಯಿ ದಾಟಿ ಇನ್ನೂ ಐದು ಗಂಟೆ ಹಾರಬೇಕು, ಅಲ್ಲಿ ನಮ್ಮ ಬಾವುಟ ಏರಿಸಿ ಈ ಏಪ್ರಿಲ್‌ಗೆ ನೂರು ವರ್ಷ, ದೊಡ್ಡ ಹಬ್ಬ. ನಿಮ್ಮ ಬಾವುಟ ಅಂದರೆ? ಅಮೆರಿಕದ್ದೇ, ಮತ್ಯಾವುದು. ನಾನು ಪುಟ ತಿರುವುತ್ತ ಹೋದೆ, ಕೊನೆಯಲ್ಲಿ ಒಂದೇ ಸಾಲು, ಇದನ್ನು ಹೊಂದಿರುವವರು ಅಮೆರಿಕದ ನ್ಯಾಷನಲ್, ಸಿಟಿಜನ್ ಅಲ್ಲ. ಏನಿದರ ಅರ್ಥ ಎಂದೆ, ಬರೀ ಕುತೂಹಲಕ್ಕೆ. ಅವಳು ಸ್ಯಾಂಡ್‌ವಿಚ್ ಕೆಳಗಿಟ್ಟಳು. ಎರಡೂ ಒಂದೇ ಅಲ್ಲವಾ? ನಾನು ವೋಟ್ ಹಾಕಿದ್ದೀನಲ್ಲ.

ತೊಂಬತ್ತಾರರಲ್ಲಿ, ಡ್ರೈವಿಂಗ್ ಲೈಸೆನ್ಸ್ ಬದಲಾಯಿಸಲು ಹೋದಾಗ ಕೌಂಟರಿನವಳು ಕೇಳಿದಳಂತೆ, ವೋಟಿಗೆ ಹೆಸರು ಸೇರಿಸಲಾ, ಸಿಟಿಜನ್ ತಾನೇ, ಇಲ್ಲಿ ಟಿಕ್ ಮಾಡಿ, ಮಾಡಿದಳು, ನವೆಂಬರಿನಲ್ಲಿ ಶಾಲೆಯ ಜಿಮ್ಮಿಗೆ ಹೋಗಿ ವೋಟೂ ಹಾಕಿದಳು, ಯಾಕೆ ಅನುಮಾನ ಬರಬೇಕು — ನನ್ನ ತಮ್ಮ ವಿಯೆಟ್ನಾಮ್ ಯುದ್ಧದಿಂದ ಪೆಟ್ಟಿಗೆಯಲ್ಲಿ ಬಂದ, ನಳಿನಿ, ಮೇಲೆ ಹೊದಿಸಿದ್ದ ಬಾವುಟ ಮಡಿಚಿ ಅಮ್ಮನ ಕೈಗೆ ಕೊಟ್ಟರು, ಆವತ್ತು ಯಾರೂ ಸಿಟಿಜನ್ನಾ ಅಂತ ಕೇಳಲಿಲ್ಲ, ಅಂದಳು. ನಾನು ಲೈಬ್ರರಿಗೆ ಹೋದೆ, ಹೋಗದೆ ಇರಲು ಆಗಲಿಲ್ಲ, ಎಷ್ಟು ವಿಚಿತ್ರ, ಅಮೆರಿಕದ್ದೇ ಇನ್ನೊಂದು ದ್ವೀಪ ಪೋರ್ಟೊ ರಿಕೊದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು, ಆದರೆ ಅಲ್ಲೇ ಇದ್ದರೆ ಅಧ್ಯಕ್ಷರನ್ನು ಆರಿಸುವ ವೋಟಿಲ್ಲ, ಇಲ್ಲಿ ನಮ್ಮ ಹತ್ತಿರದ ಜರ್ಸಿ ಸಿಟಿಗೆ ಬಂದು ಮನೆ ಮಾಡಿದರೆ ಇದೆ, ಸಮೋವಾದವರಿಗೆ ಅದೂ ಇಲ್ಲ, ಇಲ್ಲಿ ಮೂವತ್ತು ವರ್ಷ ದುಡಿದರೂ ಹೊರದೇಶದವರ ಹಾಗೆ, ನನ್ನ ಹಾಗೆ, ಅರ್ಜಿ ಹಾಕಿ ಪರೀಕ್ಷೆ ಕೊಟ್ಟು ನಾಗರಿಕರಾಗಬೇಕು. ಸುಪ್ರೀಂ ಕೋರ್ಟಿನ ನೂರು ವರ್ಷದ ಹಿಂದಿನ ತೀರ್ಪುಗಳಂತೆ, ಆ ದ್ವೀಪಗಳು ದೇಶದ ಸೊತ್ತು, ದೇಶದ ಭಾಗವಲ್ಲ, ಸಂವಿಧಾನ ಅಲ್ಲಿಗೆ ಪೂರ್ತಿ ಹೋಗುವುದಿಲ್ಲ, ಓದುತ್ತ ಓದುತ್ತ ಮಂಡ್ಯದ ಹೈಸ್ಕೂಲಿನ ವ್ಯಾಕರಣದ ಪಾಠ ನೆನಪಾಯಿತು, ದೇಶಕ್ಕೆ ಸೇರಿದ್ದು, ದೇಶದಲ್ಲಿ ಸೇರಿಲ್ಲ, ಚತುರ್ಥಿ ಉಂಟು ಸಪ್ತಮಿ ಇಲ್ಲ, ಒಂದು ಪ್ರತ್ಯಯದಲ್ಲಿ ಒಂದು ದ್ವೀಪ ನಿಂತಿದೆ. ನ್ಯಾಷನಲ್‌ಗೆ ಕನ್ನಡದಲ್ಲಿ ಏನನ್ನುತ್ತಾರೆ, ಪ್ರಜೆ ಅನ್ನಬಹುದೇನೋ, ನಮ್ಮಜ್ಜಿ ಹೇಳುತ್ತಿದ್ದರಲ್ಲ, ನಾವು ಮಹಾರಾಜರ ಪ್ರಜೆಗಳು ಕಣೇ ಅಂತ, ಎಷ್ಟು ಹೆಮ್ಮೆಯಿಂದ, ಪ್ರಜೆಗೆ ರಾಜ ಇರುತ್ತಾನೆ, ವೋಟಿರುವುದಿಲ್ಲ, ಸೀನಾಳಿಗೆ ಹೇಳಿದೆ, ನಕ್ಕಳು, ಆಮೇಲೆ ಗಂಭೀರವಾಗಿ ಅಂದಳು, ನಮ್ಮ ಚಿಕ್ಕಪ್ಪನಿಗೆ ಸಿಟಿಜನ್ ಆಗೋದೇ ಬೇಡ ಗೊತ್ತಾ, ಸಂವಿಧಾನ ಪೂರ್ತಿ ಬಂದರೆ ವಂಶದ ಜಮೀನು ಹೊರಗಿನವರು ಕೊಳ್ಳೋಕೆ ಬರ್ತಾರೆ ಅನ್ನೋ ಭಯ ಅವರಿಗೆ. ನಿನಗೆ? ನನಗೆ ಬೇಕು. ಬೇಕಾ ಅಂತ ಕೇಳಿದ ಮೇಲೆ ನಾವೇ ಬೇಡ ಅಂದರೆ ಒಂದು ಥರ, ಕೇಳದೇ ಕೊಡದಿದ್ದರೆ ಇನ್ನೊಂದು ಥರ.

ನಾಗರಿಕತ್ವದ ಅರ್ಜಿ ತುಂಬಿದ್ದು ನಾನೇ, ಅವಳ ಅಕ್ಷರ ಅವಳಿಗೇ ಓದಲು ಬರುವುದಿಲ್ಲ, ನಿಂಗ್ಯಾಕ್ ಬೇಕಿತ್ತು ಇದೆಲ್ಲ, ನಮ್ಮ ಗ್ರೀನ್ ಕಾರ್ಡೇ ಪೆಂಡಿಂಗ್ ಇದೆ, ನಾಳೆ ನಿನ್ ಹೆಸರೂ ಎಳೆದ್ರೆ? ಪ್ರೀತಮ್ ತಪ್ಪು ಹೇಳುತ್ತಿಲ್ಲ, ಆದರೆ ಪಕ್ಕದಲ್ಲಿ ಮಗಳು ಶ್ರಿಯಾ ಅನ್ನ ಕಲಸಿ ಚೆಲ್ಲುತ್ತ ಕೂತಿದ್ದಾಳೆ, ಮಾರಿಸ್‌ಟೌನಿನ ಆಸ್ಪತ್ರೆಯಲ್ಲಿ ಹುಟ್ಟಿದವಳು, ನಮ್ಮ ಕೈಯಲ್ಲಿ ಕೆಲಸ ಇರುವವರೆಗಿನ ಎಚ್-ವನ್ ವೀಸಾ ಬಿಟ್ಟು ಏನೂ ಇರಲಿಲ್ಲ, ಇವಳು ಮೊದಲ ಉಸಿರಿಗೇ ನಾಗರಿಕಳು, ಅದೇ ಬಾವುಟದ ಕೆಳಗೆ ಹುಟ್ಟಿದ ಸೀನಾ ಅಲ್ಲ, ವೈ ಈಸ್ ಸೀನಾ ಆಂಟಿ ನಾಟ್, ಅಂತ ಐದು ವರ್ಷದವಳು ಕೇಳಿದರೆ ನಾನು ಏನು ಹೇಳಲಿ. ಅರ್ಜಿಯ ಒಂದು ಪ್ರಶ್ನೆಯ ಹತ್ತಿರ ನನ್ನ ಪೆನ್ನು ನಿಂತಿತ್ತು, ಎಂದಾದರೂ ನಾಗರಿಕರೆಂದು ಹೇಳಿಕೊಂಡಿದ್ದೀರಾ, ಹೌದು ಎಂದರೆ ಅರ್ಜಿ ತಿರಸ್ಕಾರವಾಗಬಹುದು, ಕೇಸೂ ಆಗಬಹುದು, ಇಲ್ಲ ಎಂದರೆ ಸುಳ್ಳು, ವಕೀಲರು ಫೋನಿನಲ್ಲಿ ನಿಜ ಹೇಳಿ ಎಂದರು, ಭರವಸೆ ಕೊಡಲಾರೆ ಎಂದೂ ಅಂದರು, ಅವಳ ಅಕ್ಕ, ಸುಮ್ಮನಿರು, ಯಾರು ನೋಡ್ತಾರೆ ಅಂದಳಂತೆ, ಖಾಲಿ ಬಿಡು ನಳಿನಿ, ಇಂಟರ್‌ವ್ಯೂನಲ್ಲೇ ಹೇಳ್ತೀನಿ ಅಂದಳು ಸೀನಾ, ಏನು ಹೇಳುತ್ತಾಳೆಂದು ಹೇಳಲಿಲ್ಲ, ನಾನು, ಎಲ್ಲ ಕೇಳುವ ನಾನು, ಅದನ್ನೊಂದು ಕೇಳಲಿಲ್ಲ. ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ ಇತ್ಯರ್ಥವಾಗದೆ ಫ್ಲೋರಿಡಾದಲ್ಲಿ ಮರುಎಣಿಕೆಗೆ ಒಂದೊಂದೇ ವೋಟು ಹಿಡಿದು ಬೆಳಕಿಗೆ ತೋರಿಸಿ ನೋಡುತ್ತಿದ್ದಾಗ ನಾವಿಬ್ಬರೂ ಊಟದ ಕೋಣೆಯ ಟಿವಿಯ ಮುಂದೆ ಕೂತಿದ್ದೆವು, ಒಂದೂ ವೋಟಿಲ್ಲದ ಇಬ್ಬರು ಹೆಂಗಸರು, ಅವಳು ಮೆಲ್ಲಗೆ, ನನ್ನ ಆ ಹಳೇ ವೋಟು ಯಾರಿಗಾದರೂ ತೊಂದರೆ ಮಾಡಿತಾ ಅಂತ ಕೇಳಿದಳು — ನಾನು ಆ ಕೊನೆಯ ಪುಟ ತೆಗೆಯದಿದ್ದರೆ ಆವತ್ತೂ ನಿಶ್ಚಿಂತೆಯಿಂದ ಹೋಗಿ ಹಾಕಿಬರುತ್ತಿದ್ದಳು, ತಪ್ಪೇ ಆಗಿದ್ದರೂ ಗೊತ್ತಿಲ್ಲದ ತಪ್ಪು, ಗೊತ್ತು ಮಾಡಿದವಳು ನಾನು.

ಎಂಬತ್ತೇಳು, ಬಾಗಿಲು, ಸೀನಾ, ಮುಖ ನೋಡಿದರೆ ಏನೂ ತಿಳಿಯುವುದಿಲ್ಲ, ಚೀಲ ತೆಗೆದುಕೊಂಡಳು, ಕೂತಳು, ಪರೀಕ್ಷೆ ಪಾಸು ಅಂದಳು, ಬಾವುಟದಲ್ಲಿ ಎಷ್ಟು ನಕ್ಷತ್ರ ಅಂದ ಆ ಆಫೀಸರ್, ಐವತ್ತು ಅಂದೆ, ನಮ್ಮ ದ್ವೀಪದ್ದು ಒಂದೂ ಇಲ್ಲ ಅಂತಲೂ ಅಂದೆ, ಅದನ್ನು ನಾನು ಕೇಳಲಿಲ್ಲ ಅಂದ. ಮತ್ತೆ ಅದು? ಅದು ಕೇಳಿದನಾ? ಕೇಳಿದ. ಏನಂದೆ? ಹೌದು ಅಂದೆ, ಟಿಕ್ ಮಾಡಿದೆ, ಒಂದು ಸಲ ವೋಟ್ ಹಾಕಿದೆ, ನನ್ನದೇ ದೇಶ ಅಂತ ತಿಳಿದಿದ್ದೆ. ಅವನು ಪೆನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡು ಬರೆದುಕೊಂಡ, ಕೌಂಟಿ ಕಚೇರಿಯಿಂದ ಆ ವೋಟಿನ ದಾಖಲೆ ತರಬೇಕಂತೆ, ನಡೆದದ್ದನ್ನು ನನ್ನ ಕೈಯಲ್ಲೇ ಬರೆದು ಕೊಡಬೇಕಂತೆ, ಅಲ್ಲಿತನಕ ಹೌದೂ ಇಲ್ಲ, ಇಲ್ಲವೂ ಇಲ್ಲ. ಭಯ ಆಯ್ತಾ ಸೀನಾ? ಇಲ್ಲ, ಕೈ ನೋಯ್ತು. ಕೈ? ಸತ್ಯವನ್ನೇ ಹೇಳುತ್ತೇನೆ ಅಂತ ಮೊದಲಿಗೆ ಪ್ರಮಾಣ ಮಾಡಿಸಿದನಲ್ಲ, ಬಲಗೈ ಎತ್ತಿ ಅಂದ, ಎತ್ತಿದೆ, ಇಳಿಸಿ ಅನ್ನೋಕೆ ಮರೆತ, ನಾನು ಹಾಗೇ ಇಟ್ಟುಕೊಂಡಿದ್ದೆ — ಎಲ್ಲಿಯವರೆಗೆ, ಎಲ್ಲ ಮುಗಿಯೋವರೆಗೆ, ಹೀಗೆ ಎಂದು ತೋರಿಸುತ್ತಾಳೆ, ಈ ಕಾರಿಡಾರಿನಲ್ಲಿ, ಕಾಯುವವರೆಲ್ಲ ತಿರುಗಿ ನೋಡುವಂತೆ, ಅಗಲವಾದ ಕಂದು ಅಂಗೈ, ಕಿವಿಯ ಮಟ್ಟಕ್ಕೆ, ನಾನು ಕೇಳಬೇಕು, ಇನ್ನೇನೋ ಕೇಳಬೇಕಿತ್ತು, ದಾಖಲೆ ಎಲ್ಲಿ ಸಿಗುತ್ತದೆ, ಎಷ್ಟು ದಿನ, ಆ ಕೈ, ಇಳಿಸು ಸೀನಾ ಅನ್ನಬೇಕು, ನಾನು ಯಾರು ಅನ್ನಲು, ಎತ್ತಿದ ಕೈ, ಇನ್ನೂ ಮೇಲೇ ಇದೆ, ಆ ಕೈ.