ಮೇಲೇರಿದ ಮುಳ್ಳು

ಕಾಸರಕೋಡಿನಲ್ಲಿ ಬೋಟಿನ ಇಂಜಿನಿಗೆ ದಾಮೋದರನೇ ಡಾಕ್ಟರು. ಆದರೆ ಅವನ ಚಿಕ್ಕಪ್ಪನ ಮಗ, ಹಡಗಿನ ಗ್ಯಾಸ್ ಟರ್ಬೈನ್ ಇಂಜಿನ್ ನೋಡಿಕೊಳ್ಳುವ ವಿಠೋಬ ರಜೆಗೆ ಬಂದರೆ ಸಾಕು, ರಿಪೇರಿ ಶೆಡ್ಡಿನವರೆಲ್ಲ ಅವನ ಬಾಯಿ ನೋಡುತ್ತಾ ಕೂರುತ್ತಾರೆ.

ಈ ಸಲ ದಾಮೋದರನಿಗೆ ತಡೆಯಲಾಗಲಿಲ್ಲ. "ಬೆಳಿಗ್ಗೆ ಮಂಜುನಾಥನ ಬೋಟಲ್ಲಿ ಎಣ್ಣೆ ಪ್ರೆಶರ್ ಇಳ್ದಿತ್ತು. ವಾಲ್ವ್ ಬಿಗಿ ಮಾಡ್ದೆ, ಮೀಟರಿನ ಮುಳ್ಳು ಏರ್ತು. ಇದೆಂತ ದೊಡ್ಡ ವಿದ್ಯೆ?"

"ಟರ್ಬೈನಲ್ಲಿ ಹಾಗೆ ಮಾಡೂದಿಲ್ಲ," ಎಂದ ವಿಠೋಬ ಮೆಲ್ಲಗೆ. "ಎಣ್ಣೆ ಎಲ್ಲಿ ಕಟ್ಟಿದೆ ಅಂತ ಮೊದ್ಲು ಹುಡುಕ್ತೇವೆ. ಯಾವ ಇಂಜಿನ್ನೇ ಆಗ್ಲಿ, ಮುಳ್ಳು ಮೇಲಿದ್ರೂ ಬೇರಿಂಗಿಗೆ ಎಣ್ಣೆ ಹೋಗದಿದ್ರೆ ಸುಟ್ಟೇ ಹೋಗ್ತದೆ." ಅಷ್ಟು ಹೇಳಿ ಎದ್ದು ಹೊರಗೆ ಹೋದ.

ಮಂಜುನಾಥನ ಬೋಟು ಆಗಲೇ ಕಡಲಿಗಿಳಿದಿತ್ತು. ದಾಮೋದರ ಹಲ್ಲು ಕಚ್ಚಿ ಕೂತಿದ್ದು, ಕೊನೆಗೆ ಕದ್ದು ಫೋನು ಮಾಡಿದ. "ಬೋಟು ತಿರುಗ್ಸು ಮಾರಾಯ."

"ತಿರುಗ್ಸಿ ಆತು," ಎಂದ ಮಂಜುನಾಥ. "'ದಾಮೋದರಣ್ಣ ಹೇಳಿದ್ದು, ತಿರುಗ್ಸು' ಅಂತ ವಿಠೋಬ ಆಗ್ಲೇ ಫೋನ್ ಮಾಡಿದ್ನಲ್ಲ!"

ಆ ಉಪಕಾರವೊಂದನ್ನು ದಾಮೋದರ ಇಂದಿಗೂ ಕ್ಷಮಿಸಿಲ್ಲ.