ಮೂರೇ ಮೂರು ಕೆಟ್ಟ ಬೀಜ

ಮಲ್ಲಿಕಾರ್ಜುನಪ್ಪನವರ ಕಾಫಿಯಲ್ಲಿ ಕೆಟ್ಟ ಬೀಜ ಮೂರೇ ಮೂರು ಎಂದು ಫೋನು ತೋರಿಸಿದಾಗ ಮೂಡಿಗೆರೆಯ ಬೆಳೆಗಾರರ ಸಂಘದ ಕಚೇರಿಯಲ್ಲಿ ಆರು ಜನ ಇದ್ದರು. ಆರೂ ಜನ ಒಂದು ಸಲ ಫೋನು ನೋಡಿದರು, ಇನ್ನೊಂದು ಸಲ ಮಲ್ಲಿಕಾರ್ಜುನಪ್ಪನವರನ್ನು ನೋಡಿದರು. ಮಲ್ಲಿಕಾರ್ಜುನಪ್ಪನವರು ಯಾರನ್ನೂ ನೋಡಲಿಲ್ಲ.

"ನಂಗೊತ್ತಿತ್ತು," ಅಂದರು.

ಅವರಿಗೆ ಅರವತ್ತನಾಲ್ಕು ವರ್ಷ. ಕೊಟ್ಟಿಗೆಹಾರದ ಹತ್ತಿರ ಇಪ್ಪತ್ತೆಂಟು ಎಕರೆ ತೋಟ. ಮೂವತ್ತು ವರ್ಷದಿಂದ ಕಾಫಿ ಕೊಳ್ಳುವವರು ಅವರ ಮೂಟೆಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಮೂಸಿ, ಮಾತಾಡದೆ ವಾಪಸ್ ಹಾಕುತ್ತಿದ್ದರು. ಅವರ ಕಾಫಿ ಚೆನ್ನಾಗಿದೆ ಎಂದು ಯಾರಾದರೂ ಹೇಳಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಆ ಎಣಿಸುವ ಪ್ರೋಗ್ರಾಂ ಬರೆದವಳು ರೂಪಶ್ರೀ. ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಹಡಿಯಲ್ಲಿ ಅವಳ ಆಫೀಸು. ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಕೆಲಸ. ನಲವತ್ತು ಹೋಂಸ್ಟೇಗೆ ಮಾಡಿಕೊಟ್ಟಿದ್ದಳು. ನಲವತ್ತರಲ್ಲೂ ಮೊದಲ ಪುಟದಲ್ಲಿ ಮಂಜು ಇತ್ತು. ಹಾಗಾಗಿ ಸಂಘದ ಕಾರ್ಯದರ್ಶಿ ಪುಟ್ಟಸ್ವಾಮಿ ಮೆಟ್ಟಿಲು ಹತ್ತಿ ಬಂದು, ಸ್ಯಾಂಪಲ್ಲಿನ ಫೋಟೋ ತೆಗೆದರೆ ಕಪ್ಪು ಬೀಜ, ಬೂಸ್ಟು ಹಿಡಿದ ಬೀಜ, ಬೋರರ್ ಹುಳ ಕೊರೆದ ಬೀಜ, ಒಡಕು ಬೀಜ ಒಟ್ಟು ಎಷ್ಟಿದೆ ಎಂದು ಹೇಳುವಂಥದ್ದು ಏನಾದರೂ ಆಗುತ್ತದಾ ಎಂದು ಕೇಳಿದಾಗ, ಅವರ ಮಾತು ಮುಗಿಯುವ ಮೊದಲೇ ಅವಳು ಒಪ್ಪಿಕೊಂಡಳು.

"ಆ್ಯಪ್ ಗೀಪ್ ಬೇಡ," ಅಂದರು ಪುಟ್ಟಸ್ವಾಮಿ. "ನಮ್ಮ ಮೆಂಬರ್‌ಗಳ ಫೋನಲ್ಲಿ ಜಾಗ ಇಲ್ಲ. ಪೂರ್ತಿ ಗುಡ್ ಮಾರ್ನಿಂಗ್ ಫೋಟೋ."

ಅಂದರೆ ಬ್ರೌಸರಿನಲ್ಲೇ ಓಡಬೇಕು, ಹಳೆಯ ಫೋನಿನಲ್ಲಿ ಓಡಬೇಕು, ನೆಟ್‌ವರ್ಕ್ ಇಲ್ಲದ ಕಣದಲ್ಲೂ ಓಡಬೇಕು. ರೂಪಶ್ರೀ ಮೊದಲು ಜಾವಾಸ್ಕ್ರಿಪ್ಟಿನಲ್ಲಿ ಬರೆದಳು. ಬಿಳಿ ಹಲಗೆಯ ಮೇಲೆ ಮುನ್ನೂರು ಗ್ರಾಂ ಬೀಜ ಹರಡಿ, ಅಂದರೆ ಸುಮಾರು ಎರಡು ಸಾವಿರ ಬೀಜ, ಫೋಟೋ ತೆಗೆದರೆ ಲೆಕ್ಕ ಬರಲು ಐವತ್ತು ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಫೋನು ಬಿಸಿಯಾಗುತ್ತಿತ್ತು. ಪುಟ್ಟಸ್ವಾಮಿಯವರ ಫೋನು ಎರಡು ಸಲ ಆಫ್ ಆಯಿತು.

ಆಗ ಅವಳು ಅದನ್ನೆಲ್ಲ ಅಸೆಂಬ್ಲಿಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಮತ್ತೆ ಬರೆದಳು. ನೋಡಲು ಹಳೆಯದರ ಹಾಗೆಯೇ ಇರುತ್ತದೆ, ಆದರೆ ಇಲ್ಲಿ ಪ್ರತಿ ಸಂಖ್ಯೆಗೂ ಎಷ್ಟು ಜಾಗ ಬೇಕೆಂದು ಮೊದಲೇ ಬರೆದುಕೊಡಬೇಕು. ಚಿಕ್ಕ ಸಂಖ್ಯೆಗೆ ಒಂದು ಬೈಟು ಸಾಕು, ದೊಡ್ಡದಕ್ಕೆ ನಾಲ್ಕು. ಹಾಗೆ ಖಚಿತವಾಗಿ ಬರೆದುಕೊಟ್ಟರೆ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಅದನ್ನು ವೆಬ್‌ಅಸೆಂಬ್ಲಿ ಎಂಬ ಪುಟ್ಟ ಕಡತ ಮಾಡುತ್ತದೆ. ಬ್ರೌಸರಿಗೆ ಅದನ್ನು ಓದಿ ಊಹಿಸುವ ಕೆಲಸ ಇರುವುದಿಲ್ಲ, ನೇರ ಓಡಿಸುತ್ತದೆ. ಐವತ್ತು ಸೆಕೆಂಡು ನಾಲ್ಕಕ್ಕೆ ಇಳಿಯಿತು. ಫೋನು ತಣ್ಣಗಿತ್ತು. ರೂಪಶ್ರೀಗೆ ಇದನ್ನು ಯಾರಿಗಾದರೂ ಹೇಳಬೇಕೆನಿಸಿ ಕೆಳಗಿನ ಗೊಬ್ಬರದಂಗಡಿಯವರಿಗೆ ಹೇಳಿದಳು. ಅವರು ಒಳ್ಳೆಯದಾಯಿತು ಅಂದರು.

ಸಂಘದ ಗೋಡೌನಿನಲ್ಲಿ ಬೀಜ ಆರಿಸುವ ಸಿದ್ದಮ್ಮನಿಗೆ ಇಪ್ಪತ್ತಾರು ವರ್ಷದ ಅನುಭವ. ಮಲ್ಲಿಕಾರ್ಜುನಪ್ಪನವರ ಸ್ಯಾಂಪಲ್ಲನ್ನು ಹಲಗೆಯ ಮೇಲೆ ಹರಡಿದವರು ಅವರೇ. ಮೂರು ಎಂದು ಬಂದಾಗ, "ಈ ಕಾಫಿ ಚೆನ್ನಾಗಿಲ್ಲ ಸಾರ್," ಅಂದರು.

"ಫೋನು ಮೂರು ಅಂತಿದೆಯಲ್ಲ ಸಿದ್ದಮ್ಮ," ಅಂದರು ಪುಟ್ಟಸ್ವಾಮಿ.

"ಹೌದಾ. ಹಂಗಾರೆ ಸರಿ," ಎಂದು ಸಿದ್ದಮ್ಮ ಬೀಜವನ್ನು ಬಳಿದು ಗಾಜಿನ ಜಾಡಿಗೆ ತುಂಬಿದರು. ಪುಟ್ಟಸ್ವಾಮಿ ಅದರ ಮೇಲೆ ಹೆಸರು ಬರೆದ ಚೀಟಿ ಅಂಟಿಸಿ, ಕಚೇರಿಯ ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ಆ ವರ್ಷ ನೂರ ಹನ್ನೆರಡು ಸದಸ್ಯರಲ್ಲಿ ಮೂರಕ್ಕಿಂತ ಕಡಿಮೆ ಯಾರದ್ದೂ ಬರಲಿಲ್ಲ.

ಅಲ್ಲಿಂದ ಮಲ್ಲಿಕಾರ್ಜುನಪ್ಪನವರು ಸಿಕ್ಕವರಿಗೆಲ್ಲ ತಮ್ಮ ಕ್ರಮ ವಿವರಿಸತೊಡಗಿದರು. ಕಣದಲ್ಲಿ ಹರಡಿದ ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಹಸಿ ಬೀಜವನ್ನು, ಎಲ್ಲರೂ ಗಂಟೆಗೊಂದು ಸಲ ತಿರುವಿ ಹಾಕುತ್ತಾರೆ, ಇಲ್ಲದಿದ್ದರೆ ಅಡಿಯದು ಬೆವರುತ್ತದೆ, ಬೂಸ್ಟು ಹಿಡಿಯುತ್ತದೆ. ಮಲ್ಲಿಕಾರ್ಜುನಪ್ಪನವರು ಮೂವತ್ತು ವರ್ಷದಿಂದ ತಿರುವಿ ಹಾಕಿರಲಿಲ್ಲ. ಬೆಳಿಗ್ಗೆ ಹರಡಿಸಿ, ಊಟ ಮಾಡಿ, ಮಲಗುತ್ತಿದ್ದರು.

"ಮುಟ್ಟಬಾರ್ದು," ಎಂದು ಈಗ ಹೇಳಿದರು. "ಕಾಫಿನ ಅದರ ಪಾಡಿಗೆ ಬಿಡ್ಬೇಕು. ನಾವು ಮನುಷ್ಯರು ಸುಮ್ನೆ ಕೈ ಹಾಕ್ತೀವಿ."

ಇದು ಕೆಲವರಿಗೆ ತುಂಬಾ ಆಳವಾದ ಮಾತಿನಂತೆ ಕೇಳಿಸಿತು. ಸಂಘದವರು ಫೆಬ್ರವರಿಯ ಎರಡನೇ ಭಾನುವಾರ ಅವರ ಕಣದಲ್ಲೇ ಪ್ರಾತ್ಯಕ್ಷಿಕೆ ಇಟ್ಟರು. ಬ್ಯಾನರ್ ಪ್ರಿಂಟಾಯಿತು. ಫೋಟೋದಲ್ಲಿ ಮಲ್ಲಿಕಾರ್ಜುನಪ್ಪನವರು ಕೈ ಕಟ್ಟಿಕೊಂಡು ನಿಂತಿದ್ದರು.

ಪ್ರಾತ್ಯಕ್ಷಿಕೆಗೆ ನಾಲ್ಕು ದಿನ ಇರುವಾಗ ಆಲ್ದೂರು ಕಡೆಯ ಅಭಿಷೇಕ್ ಎಂಬ ಬೆಳೆಗಾರ ರೂಪಶ್ರೀಯ ಆಫೀಸಿಗೆ ಬಂದ. ಅವನ ಮೊದಲ ಲಾಟಿನಲ್ಲಿ ಇಪ್ಪತ್ತೆರಡು ಕೆಟ್ಟ ಬೀಜ ಬಂದಿತ್ತು. ಎರಡನೇ ಲಾಟಿನಲ್ಲಿ ನೂರ ಎಂಬತ್ತೆಂಟು.

"ನಿಮ್ಮ ಪ್ರೋಗ್ರಾಂ ಕೆಟ್ಟಿದೆ," ಅಂದ.

"ಬೇರೆ ಏನಾದ್ರೂ ಬದಲಾಯಿಸಿದ್ರಾ?"

"ಮಲ್ಲಿಕಾರ್ಜುನಪ್ಪೋರ ಥರ ಮಾಡಿದೆ. ಮುಟ್ಟಲೇ ಇಲ್ಲ."

ಅವಳು ಅವನ ಸ್ಯಾಂಪಲ್ ತೆಗೆದುಕೊಂಡು ಗೋಡೌನಿಗೆ ಹೋದಳು. ಸಿದ್ದಮ್ಮ ಅದನ್ನು ಅಂಗೈಯಲ್ಲಿ ಹಿಡಿದು, "ಇದು ನಿಮ್ ಫೋನ್ ಹೇಳಿದ್ದೇ ಸರಿ," ಅಂದರು. ಕೈ ಒರೆಸಿಕೊಂಡು, "ಆ ಜಾಡೀದು ಇದಕ್ಕಿಂತ ಕೆಟ್ಟದು," ಎಂದೂ ಸೇರಿಸಿದರು.

"ಅವತ್ತೇ ಯಾಕೆ ಹೇಳ್ಲಿಲ್ಲ ಸಿದ್ದಮ್ಮ?"

"ಹೇಳ್ದೆ."

ರೂಪಶ್ರೀ ಕಚೇರಿಯ ಕಪಾಟಿನಿಂದ ಮಲ್ಲಿಕಾರ್ಜುನಪ್ಪನವರ ಜಾಡಿ ಇಳಿಸಿ ತಂದಳು. ಸಿದ್ದಮ್ಮ ಹಲಗೆಯ ಮುಂದೆ ಕೂತು ಕೆಟ್ಟ ಬೀಜವನ್ನು ಒಂದೊಂದಾಗಿ ಆರಿಸಿ ಹತ್ತು ಹತ್ತರ ಗುಡ್ಡೆ ಮಾಡಿದರು. ಇಪ್ಪತ್ತು ನಿಮಿಷ ಹಿಡಿಯಿತು. ಇಪ್ಪತ್ತಾರು ಗುಡ್ಡೆ, ಮೇಲೊಂದು ಬೀಜ. ಇನ್ನೂರ ಅರವತ್ತೊಂದು.

ಆರಿಸಿದ್ದನ್ನೆಲ್ಲ ಮತ್ತೆ ಬೆರೆಸಿ, ಹರಡಿ, ಫೋಟೋ ತೆಗೆದು, ರೂಪಶ್ರೀ ತನ್ನ ಹಳೆಯ ನಿಧಾನದ ಪ್ರೋಗ್ರಾಮನ್ನು ಓಡಿಸಿದಳು. ಇನ್ನೂರ ಐವತ್ತೊಂಬತ್ತು. ಅದೇ ಫೋಟೋವನ್ನು ಹೊಸದಕ್ಕೆ ಕೊಟ್ಟಳು. ನಾಲ್ಕು ಸೆಕೆಂಡಿನಲ್ಲಿ ಮೂರು ಎಂದಿತು.

ಅವಳಿಗೆ ತಪ್ಪು ಅಲ್ಲೇ ಗೊತ್ತಾಯಿತು. ಒಟ್ಟು ಬೀಜದ ಲೆಕ್ಕಕ್ಕೆ ನಾಲ್ಕು ಬೈಟು ಕೊಟ್ಟಿದ್ದಳು. ಕೆಟ್ಟ ಬೀಜದ ಲೆಕ್ಕಕ್ಕೆ ಒಂದೇ ಬೈಟು. ಒಂದು ಬೈಟಿನಲ್ಲಿ ಇನ್ನೂರ ಐವತ್ತೈದರವರೆಗೆ ಎಣಿಸಬಹುದು, ಅದರ ಮೇಲೊಂದು ಬಂದರೆ ಮತ್ತೆ ಸೊನ್ನೆ, ಇನ್ನೂರ ಐವತ್ತೊಂಬತ್ತಕ್ಕೆ ಮೂರು. ಮುನ್ನೂರು ಗ್ರಾಮಿನಲ್ಲಿ ಅದಕ್ಕಿಂತ ಹೆಚ್ಚು ಕೆಟ್ಟ ಬೀಜ ಇಟ್ಟುಕೊಂಡು ಯಾರು ಸ್ಯಾಂಪಲ್ ತರುತ್ತಾರೆ ಎಂದು ಬರೆಯುವಾಗ ಅವಳೇ ಅಂದುಕೊಂಡಿದ್ದಳು. ಕಂಪೈಲರು ಏನೂ ಅನ್ನಲಿಲ್ಲ. ಅವಳು ಬರೆದುಕೊಟ್ಟಂತೆಯೇ ಮಾಡಿತ್ತು.

ಸಿದ್ದಮ್ಮನಿಗೆ ವಿವರಿಸಿದಳು. "ಹಳೇ ಜೀಪಿನ ಕಿಲೋಮೀಟರ್ ಮೀಟರ್ ಕೊನೇವರೆಗೂ ಹೋಗಿ ಸೊನ್ನೆಗೆ ಬರುತ್ತಲ್ಲ, ಹಂಗೆ."

"ಹಂಗಾರೆ ಇನ್ನೊಂದು ನಾಲ್ಕು ಬೀಜ ಕಮ್ಮಿ ಕೆಟ್ಟಿದ್ರೆ ಅವ್ರು ಕೊನೇಗೆ ಬರೋರು," ಅಂದರು ಸಿದ್ದಮ್ಮ.

"ಹೌದು."

"ಪಾಪ," ಎಂದು ಅವರು ಹಲಗೆ ಒರೆಸಿದರು.

ಒಂದು ಬೈಟನ್ನು ನಾಲ್ಕು ಮಾಡಲು ರೂಪಶ್ರೀಗೆ ಒಂದು ನಿಮಿಷವೂ ಬೇಕಾಗಲಿಲ್ಲ. ವೇಗ ಚೂರೂ ಕಡಿಮೆಯಾಗಲಿಲ್ಲ. ಒಂದು ಬೈಟಿನಿಂದ ಅವಳಿಗೆ ಯಾವ ಲಾಭವೂ ಆಗಿರಲಿಲ್ಲ ಎನ್ನುವುದು ಅವಳನ್ನು ಹೆಚ್ಚು ಕಾಡಿತು. ಉಳಿದ ಸ್ಯಾಂಪಲ್ಲುಗಳ ಫೋಟೋಗಳನ್ನೂ ಮತ್ತೆ ಓಡಿಸಿ ನೋಡಿದಳು. ಬೇರೆ ಯಾರದ್ದೂ ಬದಲಾಗಲಿಲ್ಲ. ಇಡೀ ಸಂಘದಲ್ಲಿ ಆ ಗೆರೆ ದಾಟಿದವರು ಮಲ್ಲಿಕಾರ್ಜುನಪ್ಪನವರೊಬ್ಬರೇ.

ಇದನ್ನು ಕೇಳಿದ ಪುಟ್ಟಸ್ವಾಮಿ, "ಬ್ಯಾನರ್ ಪ್ರಿಂಟ್ ಆಗಿದೆಯಲ್ಲ ಮಾರಾಯ್ತಿ," ಅಂದರು. ಮಲ್ಲಿಕಾರ್ಜುನಪ್ಪನವರಿಗೆ ಯಾರು ಹೇಳಬೇಕು ಎಂಬ ಪ್ರಶ್ನೆ ಬಂದಾಗ ಅವರು ಕಿಟಕಿ ಕಡೆ ನೋಡಿದರು.

ಶನಿವಾರ ಮಧ್ಯಾಹ್ನ ರೂಪಶ್ರೀ ಸ್ಕೂಟರಿನಲ್ಲಿ ಕೊಟ್ಟಿಗೆಹಾರಕ್ಕೆ ಹೋದಳು. ದಾರಿಯುದ್ದಕ್ಕೂ ಹೇಗೆ ಶುರು ಮಾಡುವುದೆಂದು ಯೋಚಿಸಿದಳು. ಕಣದ ಅಂಚಿಗೆ ಹೊಸದಾಗಿ ಸಿಮೆಂಟು ಮೆತ್ತಿದ್ದರು. ಶಾಮಿಯಾನದ ಕಂಬ ನೆಟ್ಟಿದ್ದರು. ಮಲ್ಲಿಕಾರ್ಜುನಪ್ಪನವರು ಕುರ್ಚಿ ಹಾಕಿಕೊಂಡು, ಒಂದು ಹಾಳೆ ಹಿಡಿದು, ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ನಾಳೆಯ ಭಾಷಣ.

"ಬಾರಮ್ಮ, ಬಾ. ನಿನ್ನ ಹೆಸರೂ ಸೇರಿಸಿದೀನಿ ಇದ್ರಲ್ಲಿ," ಅಂದರು.

ಅವಳು ನಿಂತೇ ಹೇಳಿದಳು. ತಪ್ಪು ತನ್ನದು ಅಂದಳು, ಬೈಟಿನ ವಿಷಯ ಹೇಳಿದಳು, ಜೀಪಿನ ಮೀಟರ್ ಹೇಳಿದಳು. ಅವರು ಹಾಳೆಯನ್ನು ಎರಡಾಗಿ ಮಡಚಿದರು, ನಾಲ್ಕಾಗಿ ಮಡಚಿದರು.

"ಹಾಗಾದ್ರೆ ನಂದು ಎಷ್ಟು?"

"ಇನ್ನೂರ ಅರವತ್ತೊಂದು, ಸಾರ್."

"ಫೋನು ಹೇಳಿದ್ದಾ?"

"ಫೋನಿಗೆ ಎರಡು ಕಾಣಲಿಲ್ಲ. ಸಿದ್ದಮ್ಮ ಎಣಿಸಿದ್ದು."

ಅವರು ತಲೆಯಾಡಿಸಿದರು. ಕಣದಾಚೆ ಒಬ್ಬ ಹೆಂಗಸು ಬುಟ್ಟಿ ಹೊತ್ತು ಹೋಗುವವರೆಗೆ ಕಾದರು. "ನಮ್ಮಪ್ಪನ ಕಾಲದಲ್ಲಿ ಈ ತೋಟದ ಕಾಫಿ ಕೇಳ್ಕೊಂಡು ಬರೋರು," ಅಂದರು. "ಈ ಒಂದು ತಿಂಗಳು ಜನ ನನ್ನ ಮಾತು ಕೇಳಿದ್ರು. ಏನೋ ಒಂಥರಾ ಚೆನ್ನಾಗಿತ್ತು."

ರೂಪಶ್ರೀಗೆ ಹೊರಟುಬಿಡಬೇಕೆನಿಸಿತು. ಆದರೆ ಹೇಳುವುದು ಇನ್ನೂ ಇತ್ತು. "ಆಲ್ದೂರಿನ ಅಭಿಷೇಕ್ ನೀವು ಹೇಳಿದ ಹಾಗೆ ತಿರುವಿ ಹಾಕದೆ ಬಿಟ್ರು. ಅವರ ಎರಡನೇ ಲಾಟು ಬೂಸ್ಟು ಹಿಡಿದಿದೆ."

ಅಲ್ಲಿಯವರೆಗೆ ಸಮಾಧಾನವಾಗಿದ್ದ ಮುಖ ಆಗ ಕೆಂಪಾಯಿತು. "ಅದನ್ನ ಮೊದ್ಲು ಹೇಳ್ಬಾರ್ದಾ! ಪೂರ್ತಿ ಹಾಳಾಯ್ತಾ?"

"ಎರಡನೇದು ಪೂರ್ತಿ. ಇನ್ನು ಕೊನೇ ಕೊಯ್ಲಿಂದು ಬಾಕಿ ಇದೆಯಂತೆ."

"ನಾಳೆದು ಕ್ಯಾನ್ಸಲ್ ಮಾಡೋಣ ಸಾರ್," ಎಂದು ಅವಳೇ ಮುಂದುವರಿಸಿದಳು. "ನಾನು ಪುಟ್ಟಸ್ವಾಮಿ ಸಾರ್‌ಗೆ ಹೇಳ್ತೀನಿ."

"ನಲವತ್ತು ಜನಕ್ಕೆ ಕಡುಬಿಗೆ ಹೇಳಿದೀನಿ," ಅಂದರು ಅವರು. "ಬರ್ಲಿ."

ಭಾನುವಾರ ಐವತ್ತಮೂರು ಜನ ಬಂದರು. ಪುಟ್ಟಸ್ವಾಮಿ ಸ್ವಾಗತ ಮಾಡಿ, ವಿಷಯಕ್ಕೆ ಬರದೆ, ಹವಾಮಾನದ ಬಗ್ಗೆ ಮಾತಾಡಿ ಕೂತರು. ಮಲ್ಲಿಕಾರ್ಜುನಪ್ಪನವರು ಎದ್ದು ಕೈ ಕಟ್ಟಿಕೊಂಡು, ಬ್ಯಾನರಿನಲ್ಲಿದ್ದಂತೆಯೇ ನಿಂತರು.

"ನನ್ನ ಕಾಫಿಯಲ್ಲಿ ಕೆಟ್ಟ ಬೀಜ ಮೂರಲ್ಲ. ಇನ್ನೂರ ಅರವತ್ತೊಂದು," ಅಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಇದು ವಿನಯ ಎಂದುಕೊಂಡು. "ನಗೋದಲ್ಲ. ನಾನು ಮೂವತ್ತು ವರ್ಷ ಊಟ ಮಾಡಿ ಮಲಗ್ತಿದ್ದೆ. ಅದನ್ನ ಕ್ರಮ ಅಂತ ನಿಮಗೆ ಹೇಳಿದೆ. ಯಾರೆಲ್ಲ ಹಾಗೆ ಮಾಡಿದೀರೋ, ಇವತ್ತೇ ಮನೆಗೆ ಹೋಗಿ ತಿರುವಿ ಹಾಕಿ."

ರೂಪಶ್ರೀ ಎದ್ದು ತನ್ನ ತಪ್ಪನ್ನು ಹೇಳಿದಳು. ಒಬ್ಬರು, ಈಗ ಸರಿಯಾಗಿದೆಯಾ ಎಂದು ಕೇಳಿದರು. ಈಗ ನಾನೂರು ಕೋಟಿಯವರೆಗೆ ಎಣಿಸುತ್ತದೆ ಅಂದಳು. ಅಷ್ಟು ಸಾಕು ಎಂದು ಅವರು ಕೂತರು.

ಆಮೇಲೆ ಮಲ್ಲಿಕಾರ್ಜುನಪ್ಪನವರು ಸಿದ್ದಮ್ಮನನ್ನು ಕರೆದು ಮೈಕು ಕೊಟ್ಟರು. ಸಿದ್ದಮ್ಮ ಮೈಕನ್ನು ಕುರ್ಚಿಯ ಮೇಲಿಟ್ಟು, ಕಣದಲ್ಲಿ ಹರಡಿದ್ದ ಪಾರ್ಚ್‌ಮೆಂಟಿನ ಹತ್ತಿರ ಹೋಗಿ, ಅಡಿಯಿಂದ ಒಂದು ಹಿಡಿ ತೆಗೆದು ಎಲ್ಲರ ಮೂಗಿನ ಮುಂದೆ ಹಿಡಿದರು. ಐವತ್ತಮೂರು ಜನಕ್ಕೂ ಹಿಡಿದರು. ಸುಮಾರು ಹೊತ್ತಾಯಿತು. ಯಾರಿಗೂ ಬೇರೆ ವಿವರಣೆ ಬೇಕಾಗಲಿಲ್ಲ. ಕಡುಬು ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಆಲ್ದೂರಿನಲ್ಲಿ ಅಭಿಷೇಕನ ಫೋನು ಬಡಿಯಿತು.

"ತಿರುವಿ ಹಾಕಿದ್ಯಾ?" ಅಂದರು ಮಲ್ಲಿಕಾರ್ಜುನಪ್ಪನವರು.

"ಹ್ಞೂಂ ಸಾರ್."

ಹತ್ತಕ್ಕೆ ಮತ್ತೆ ಬಡಿಯಿತು. ಹನ್ನೊಂದಕ್ಕೂ. ಕೊನೆಯ ಕೊಯ್ಲಿನ ಕಾಫಿ ಒಣಗುವ ಒಂಬತ್ತು ದಿನವೂ ಅವರು ಬಿಸಿಲಿರುವ ಪ್ರತಿ ಗಂಟೆಗೂ ಫೋನ್ ಮಾಡಿದರು. ಸಂಘದಲ್ಲಿ ಎಣಿಸಿದಾಗ ಆ ಲಾಟಿನಲ್ಲಿ ಮೂವತ್ತೊಂದು ಬಂತು. ಸಿದ್ದಮ್ಮ ಆರಿಸಿದಾಗಲೂ ಮೂವತ್ತೊಂದೇ.

ಕಾಫಿ ಮೂಟೆ ಕಟ್ಟಿ ಸಾಗಿಸಿ ಒಂದು ವಾರವಾದ ಮೇಲೂ ಹತ್ತು ಗಂಟೆಗೆ ಫೋನು ಬಡಿಯಿತು. ಅಭಿಷೇಕನ ಹೆಂಡತಿ ರಕ್ಷಾ, "ಕಾಫಿ ಹೋಗಿ ವಾರ ಆಯ್ತು ಅಂತ ಅವರಿಗೆ ಹೇಳ್ಬಾರ್ದಾ?" ಅಂದಳು.

"ಹೇಗೆ ಹೇಳೋದು?" ಅಂದ ಅಭಿಷೇಕ್. ಖಾಲಿ ಕಣದ ಕಡೆ ಒಂದು ಸಲ ನೋಡಿ ಫೋನ್ ಎತ್ತಿದ.

"ಈಗಷ್ಟೇ ತಿರುವಿ ಹಾಕಿ ಬಂದೆ, ಸಾರ್."