ಕೈಗೂ ಬಾಯಿಗೂ ನಡುವೆ

"ಮೂರು ತಿಂಗಳು ನೋಡೋಣ," ಎಂದಿದ್ದರು ಡಾಕ್ಟರು. ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಯಲ್ಲಿ ಮರಿಬಸಪ್ಪನ ಬಾಯೊಳಗೆ ಟಾರ್ಚ್ ಬಿಟ್ಟು, ಎಡಗೆನ್ನೆಯ ಒಳಗಿನ ಎಂಟಾಣೆಯಗಲದ ಬಿಳಿ ಮಚ್ಚೆಯನ್ನು ಕನ್ನಡಿಯಲ್ಲಿ ಅವನಿಗೂ ತೋರಿಸಿ, ಒಂದು ಮಾತೂ ಮುಚ್ಚಿಡದೆ ಹೇಳಿದ್ದರು. ತಂಬಾಕು ಬಿಟ್ಟರೆ ಅದು ಕರಗಬಹುದು. ಬಿಡದಿದ್ದರೆ ಹುಣ್ಣಾಗುತ್ತದೆ, ಆಮೇಲೆ ಕೆನ್ನೆಯನ್ನೇ ಕತ್ತರಿಸಬೇಕಾಗುತ್ತದೆ.

ಎಪ್ಪತ್ನಾಲ್ಕರ ಸೆಪ್ಟೆಂಬರ್ ಅದು. ಐವತ್ತೆರಡು ವರ್ಷದ ಮರಿಬಸಪ್ಪನಿಗೆ ಬಾಯಿ ಎಂದರೆ ಬರೀ ಬಾಯಲ್ಲ, ಅನ್ನದ ದಾರಿ. ಸಿರುಗುಪ್ಪದ ತಿಪ್ಪೇರುದ್ರಪ್ಪನವರ ರೈಸ್ ಮಿಲ್ಲಿನ ಗೇಟಿನಲ್ಲಿ ನಿಂತು, ಬಂದ ಗಾಡಿಯ ಚೀಲದಿಂದ ನಾಲ್ಕು ಕಾಳು ಭತ್ತ ತೆಗೆದು ಹಲ್ಲಿನಲ್ಲಿ ಕಟುಕ್ಕೆಂದು ಕಡಿದು, ಇಷ್ಟು ಹಸಿ, ಇಷ್ಟು ಒಣ ಎಂದು ಹೇಳುವುದೇ ಅವನ ಕೆಲಸ. ಅವನು ಕಡಿದು ಹೇಳಿದ ಮೇಲೆ ರೈತನೂ ಎದುರಾಡುತ್ತಿರಲಿಲ್ಲ, ಸಾವ್ಕಾರನೂ ಆಡುತ್ತಿರಲಿಲ್ಲ. ಅಂಥ ಬಾಯಿಗೆ ಕತ್ತರಿ!

ಆಸ್ಪತ್ರೆಯಿಂದ ಹೊರಗೆ ಬಂದ. ಬೇವಿನ ಮರದ ಕೆಳಗೆ ನಿಂತು, ಇನ್ನು ಸತ್ತರೂ ತಂಬಾಕು ಮುಟ್ಟುವುದಿಲ್ಲ, ಮುಗೀತು, ಎಂದು ಹಲ್ಲು ಕಚ್ಚಿ ಮನಸ್ಸಿನಲ್ಲಿ ಅಂದುಕೊಂಡ.

"ಸಾವ್ಕಾರ್ರ, ಒಂದು ಮಾತು ಕೇಳ್ಲೇನ್ರಿ?" ಮರದ ಬುಡದಲ್ಲಿ ಕೂತಿದ್ದ ಮುದುಕನೊಬ್ಬ ಕೇಳಿದ. "ಈಗ ಬಾಯಿಗೆ ಹಾಕ್ಕೊಂಡ್ರಲ್ಲ, ಅದು ನಿಮಗ ಗೊತ್ತಾತೇನ್ರಿ?"

ಮರಿಬಸಪ್ಪ ನಾಲಿಗೆ ಆಡಿಸಿದ. ಎಲೆ, ಅಡಿಕೆ, ಸುಣ್ಣ, ತಂಬಾಕು ಎಲ್ಲ ಸೇರಿ ಎಡಗೆನ್ನೆಯಲ್ಲಿ, ಆ ಮಚ್ಚೆಯ ಮೇಲೆಯೇ ಆರಾಮಾಗಿ ಕೂತಿತ್ತು. ಸೊಂಟದ ಸಂಚಿ ಬಿಚ್ಚಿದ್ದು ಯಾವಾಗ, ಎಲೆಗೆ ಸುಣ್ಣ ಸವರಿದ್ದು ಯಾವಾಗ, ಶಿವನಾಣೆಗೂ ಅವನಿಗೆ ಗೊತ್ತಿಲ್ಲ. ಥೂ ಎಂದು ಉಗುಳಿದ.

"ಮೊದ್ಲು ನನಗೂ ಹಂಗ ಆಗ್ತಿತ್ತು. ಬೀಡಿ ಸೇದಿ ಮುಗಿದ ಮ್ಯಾಲೆ ಸೇದೀನಿ ಅಂತ ಗೊತ್ತಾಗದು," ಎಂದ ಮುದುಕ. ಹೆಸರು ಹೊನ್ನೂರಪ್ಪ. ಸೊಲ್ಲಾಪುರದ ಕಡೆ ರೈಲ್ವೆ ಗ್ಯಾಂಗಿನಲ್ಲಿ ದುಡಿದು, ಅಲ್ಲೇ ಬೌದ್ಧ ದೀಕ್ಷೆ ಪಡೆದು, ಈಗ ಪಿಂಚಣಿ ತಗೊಂಡು ಕುರುಗೋಡಿನ ತನ್ನ ಕೇರಿಗೆ ಮರಳಿದ್ದ. ಕಣ್ಣು ತೋರಿಸಲು ಬಂದಿದ್ದನಂತೆ. ಕೇರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮರಿಬಸಪ್ಪ ಒಂದು ಮಾರು ಆಚೆ ಸರಿದು ನಿಂತ. ಲಿಂಗವಂತರ ಮನೆಯಲ್ಲಿ ಹುಟ್ಟಿ ಬೆಳೆದವನ ಕಾಲು ತಾನಾಗಿ ಸರಿಯುತ್ತದೆ, ಯಾರೂ ಹೇಳಿಕೊಡಬೇಕಿಲ್ಲ.

ಅವತ್ತು ಅವನು ಸೀದಾ ಸಿರುಗುಪ್ಪಕ್ಕೆ ಹೋಗಲಿಲ್ಲ. ಕುರುಗೋಡಿನ ಬಸ್ಸು ಹತ್ತಿ, ದೊಡ್ಡ ಬಸವೇಶ್ವರನ ಗುಡಿಯಲ್ಲಿ ಸಂಚಿಯನ್ನು ದೇವರ ಪಾದದ ಹತ್ತಿರ ಇಟ್ಟು, "ಜೀವ ಇರೋತನಕ ಮುಟ್ಟಂಗಿಲ್ಲ, ನಿನ್ನಾಣಿ," ಎಂದು ಮೂರು ಸಲ ಹೇಳಿ ಬಂದ. ಅದೇ ಬಸ್ಸಿನಲ್ಲಿ ಬಂದಿದ್ದ ಹೊನ್ನೂರಪ್ಪ ಇನ್ನೂ ಬಸ್ ಸ್ಟ್ಯಾಂಡಿನಲ್ಲೇ ಇದ್ದ; ವಿಷಯ ಕೇಳಿ, "ಆಣಿ ಮುರದ್ರ ಏನ್ ಮಾಡ್ತೀರಿ?" ಎಂದ.

"ಬಾಯಿ ಮುಚ್ಚಲೇ ಹೊನ್ನೂರ! ಮುರಿಯಾಕ ಮಾಡ್ತಾರೇನು ಆಣಿ?"

ಐದನೇ ದಿನಕ್ಕೆ ಮುರಿಯಿತು. ಅದೂ ಎಂಥ ಚೆಂದವಾಗಿ! ಮಧ್ಯಾಹ್ನದ ಊಟವಾಗಿ ಕೈ ತೊಳೆದು ಬಂದ, ಹೆಂಡತಿ ಶಿವಬಸಮ್ಮ ಇಪ್ಪತ್ತೆಂಟು ವರ್ಷದಿಂದ ಕೊಟ್ಟ ಹಾಗೆಯೇ ಎಲೆ ಮಡಿಸಿ ಕೊಟ್ಟಳು, ಇಸಿದುಕೊಂಡು ಹಾಕಿಕೊಂಡ. ಕೊಟ್ಟವಳಿಗೂ ತಿಂದವನಿಗೂ ಎಚ್ಚರವಿಲ್ಲ. ಅಂಗಳಕ್ಕೆ ಕೆಂಪಗೆ ಉಗುಳಿದ ಮೇಲೆಯೇ ಶಿವಬಸಮ್ಮ ಚೀರಿದಳು.

"ಅಯ್ಯ ನನ್ನ ಶಿವನ! ನನ್ನ ಕೈಲೆ ನಾನ ವಿಷ ಕೊಟ್ನಲ್ರಿ!"

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆಣೆ ಮಾಡುವ ನಮ್ಮ ಮಂದಿಯ ಹುಚ್ಚು ಒಂದಿದೆ: ಮುರಿದದ್ದು ಮುರೀತಲ್ಲ, ದೇವರ ಹತ್ತಿರ ಹೇಗೂ ತಪ್ಪುಗಾರನಾದೆ, ಇನ್ನು ಒಂದಾದರೇನು ಹತ್ತಾದರೇನು ಎಂದು ಬಿಡುವುದು. ಸೊಂಟಕ್ಕೆ ಹೊಸ ಸಂಚಿ ಸಿಕ್ಕಿಸಿಕೊಂಡು, ದಿನಕ್ಕೆ ಎಂಟು ಹಾಕುತ್ತಿದ್ದವನು ಹನ್ನೆರಡಕ್ಕೆ ಏರಿಸಿದ. ಹದಿನೈದು ದಿನ ಹೀಗೇ ಹೋಯಿತು. ಮೆಣಸಿನಕಾಯಿ ಚಟ್ನಿ ತಾಕಿದರೆ ಕೆನ್ನೆ ಧಗಧಗ ಉರಿಯತೊಡಗಿತು. ಶಿವಬಸಮ್ಮ ಅವನಿಗಾಗಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಇಡತೊಡಗಿದಳು, ಇಟ್ಟು ಅಡಿಗೆಮನೆಗೆ ಹೋಗಿ ಅಳುತ್ತಿದ್ದಳು. ಅದು ಕಿವಿಗೆ ಬಿದ್ದ ದಿನ ಮರಿಬಸಪ್ಪನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಮರುದಿನ ಕುರುಗೋಡಿಗೆ ಹೋದ. ಕೇರಿಗೆ ಕಾಲಿಡುವುದುಂಟೇ? ಬಸ್ ಸ್ಟ್ಯಾಂಡಿಗೇ ಬಾ ಎಂದು ಹೇಳಿ ಕಳಿಸಿದ. ಹೊನ್ನೂರಪ್ಪ ಬಂದ. ಬೇಜಾರು ಮಾಡಿಕೊಂಡನೋ ಇಲ್ಲವೋ, ಮುಖದಲ್ಲಿ ತೋರಿಸಲಿಲ್ಲ.

"ಆಣಿ ಅಂದ್ರ ಮಣ್ಣಿನ ಮಡಕಿ ಇದ್ದಂಗ್ರಿ, ಒಂದು ಸರ್ತಿ ಒಡದ್ರ ಮುಗೀತು. ನಾವು ಶೀಲ ಅಂತೀವಿ. ಅದು ಆಣಿ ಅಲ್ಲ, ಕಲಿಕಿ. ಸಾಲಿ ಹುಡುಗ್ರು ಅಕ್ಷರ ತಿದ್ದಾದಿಲ್ಲೇನು? ತಪ್ಪಿದ್ರ ಅಳಿಸಿ ಮತ್ತ ಬರೆಯಾದು."

"ಹಂಗಾದ್ರ ಹೆಂಗ ಬಿಡ್ಲಲೇ ಇದನ್ನ?"

"ಬಿಡಾದು ಆಮ್ಯಾಲೆ. ಮೊದ್ಲು ನೋಡ್ರಿ. ಕೈ ಸಂಚಿಗೆ ಹೊಂಟಾಗ, ಹೊಂಟೈತಿ ಅಂತ ನೋಡ್ರಿ. ಬಾಯಾಗ ನೀರು ಬಂತು, ನೋಡ್ರಿ. ಉಸಿರು ಒಳಗ ಹೋತು, ಹೊರಗ ಬಂತು, ಅದರ ಮ್ಯಾಲೆ ಮನಸ್ಸಿಟ್ಟು ಕೂಡ್ರಿ. ಆಸಿ ಬರ್ತೈತಿ, ಒಂದೀಟು ಹೊತ್ತು ಇರ್ತೈತಿ, ಹೋಕ್ಕೈತಿ. ನೀವು ಅದರ ಕೂಡ ಜಗಳಾನೂ ಮಾಡಬ್ಯಾಡ್ರಿ, ಅದರ ಹಿಂದನೂ ಹೋಗಬ್ಯಾಡ್ರಿ. ಬುದ್ಧ ಇದನ್ನ ನೆನಪು ಇಟ್ಕೊಳ್ಳಾದು ಅಂತಾನ. ದಿನಾ ಮುಂಜಾನೆ ಅಂಗೈಯಾಗ ಲಿಂಗ ಇಟ್ಕೊಂಡು ನೋಡ್ತೀರಿ. ಅಂಗೈ ನೋಡಾದು ನಿಮಗೇನು ಹೊಸದಲ್ಲಲ್ಲ."

ಇಷ್ಟೇನಾ ಎನಿಸಿತು ಮರಿಬಸಪ್ಪನಿಗೆ. ಮಾಡಲು ಕೂತಾಗ ಗೊತ್ತಾಯಿತು ಎಷ್ಟು ಎಂದು! ಮೊದಲ ದಿನ ಕೈ ಸಂಚಿಗೆ ಹೋದದ್ದು ನಲವತ್ತು ಸಲ, ಅವನು ಹಿಡಿದದ್ದು ಮೂರು ಸಲ. ಆದರೆ ಹಟಕ್ಕೆ ಬಿದ್ದರೆ ಅವನು ಯಾರಪ್ಪನ ಮಾತೂ ಕೇಳುವವನಲ್ಲ. ಮುಂಜಾನೆ ಎದ್ದು ಕಾಲುವೆಯ ದಂಡೆಯ ಮೇಲೆ ಉಸಿರು ನೋಡುತ್ತ ಒಂದು ಮೈಲಿ ನಡೆಯತೊಡಗಿದ. ಉಂಡ ಕೂಡಲೇ ಬಾಯಿ ಮುಕ್ಕಳಿಸಿ ಅಂಗಳಕ್ಕೆ ಎದ್ದು ಹೋಗುತ್ತಿದ್ದ. ತುತ್ತು ತುತ್ತನ್ನೂ ಅಗಿದು ನುಂಗುತ್ತಿದ್ದರೆ ಶಿವಬಸಮ್ಮ, "ಏನ್ರಿ, ಮದಲಿಂಗನಂಗ ಉಣ್ಣಾಕತ್ತೀರಿ!" ಎಂದು ನಗುತ್ತಿದ್ದಳು. ಎಷ್ಟು ದಿನವಾಗಿತ್ತು ಅವಳು ನಕ್ಕು! ತಪ್ಪಿದಾಗ ಉಗುಳಿ, ಬಾಯಿ ತೊಳೆದು, ಮತ್ತೆ ಮೊದಲಿನಿಂದ. ದೀಪಾವಳಿ ಹೊತ್ತಿಗೆ ದಿನಕ್ಕೆ ಒಂದಕ್ಕೆ ಇಳಿದಿತ್ತು. ಆಮೇಲೆ ಅದೂ ಇಲ್ಲ.

ಅಷ್ಟರಲ್ಲಿ ಸುಗ್ಗಿ ಬಂತು, ಕಷ್ಟವೂ ಬಂತು. ಆ ಕಡೆಯ ಪದ್ಧತಿ ಹೀಗೆ: ಗೇಟಿನಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಧಾರಣೆ ಕುದುರಿಸುವುದು, ಕುದುರಿದ ಮೇಲೆ ರೈತ ಕೊಟ್ಟ ಎಲೆ ಅಡಿಕೆಯನ್ನು ಕೊಂಡವನು ತಗೊಳ್ಳುವುದು. ತಗೊಂಡರೆ ಮಾತು ಗಟ್ಟಿ. ತಗೊಳ್ಳದಿದ್ದರೆ ಮಾತು ಮುರಿದ ಹಾಗೆ. ಕಾಲುವೆ ಕೆಳಗಿನ ದೊಡ್ಡ ರೈತ ದೊಡ್ಡಬಸಪ್ಪ ಹನ್ನೊಂದು ಗಾಡಿ ತಂದಿದ್ದ. ಸಾವ್ಕಾರನ ಪರವಾಗಿ ಬೆರಳು ಹಿಡಿದ ಮರಿಬಸಪ್ಪನ ಕೂಡ ಧಾರಣೆ ಕುದುರಿತು. ಅವನು ತಂಬಾಕು ಹಾಕಿದ ಎಲೆ ಚಾಚಿದರೆ ಮರಿಬಸಪ್ಪ ಕೈ ಹಿಂದಕ್ಕೆಳೆದುಕೊಂಡು, "ಬ್ಯಾಡಪ್ಪ," ಎಂದುಬಿಟ್ಟ.

"ಧಾರಣಿ ಒಪ್ಪಿಗಿಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ! ಬೆರಳು ಹಿಡದು ಆಟ ಆಡ್ತೀರೇನು?" ದೊಡ್ಡಬಸಪ್ಪ ಕೆಂಡಾಮಂಡಲನಾಗಿ ಹನ್ನೊಂದೂ ಗಾಡಿ ತಿರುಗಿಸಿಕೊಂಡು ಊರಿಗೆ ಹೋದ.

ತಿಪ್ಪೇರುದ್ರಪ್ಪ ಕೆಟ್ಟವರಲ್ಲ, ಆದರೆ ಮಿಲ್ಲು ನಡೆಸುವವರು. "ಮರಿಬಸಪ್ಪ, ನಾಳೆ ಅವನ್ನ ನಾನ ಸಮಾಧಾನ ಮಾಡಿ ಕರಸ್ತೀನಿ. ನೀ ಎಲಿ ತಗೋಬೇಕು. ಇಲ್ಲಂದ್ರ ಗೇಟಿಗೆ ಬ್ಯಾರೆಯವ್ರನ್ನ ನಿಲ್ಲಸ್ತೀನಿ," ಎಂದು ಖಂಡಿತವಾಗಿ ಹೇಳಿದರು.

ಕೆಲಸ ಉಳಿಸಿಕೊಂಡರೆ ಕೆನ್ನೆ ಹೋಯಿತು, ಕೆನ್ನೆ ಉಳಿಸಿಕೊಂಡರೆ ಕೆಲಸ ಹೋಯಿತು. ಮುಂಜಾನೆ ಲಿಂಗಪೂಜೆಗೆ ಕೂತಾಗಲೂ ಅದೇ ಚಿಂತೆ. ಅಂಗೈಯನ್ನೇ ನೋಡುತ್ತ ಕೂತವನಿಗೆ ಒಂದು ಮಾತು ಹೊಳೆಯಿತು: ಎಲೆ ತಗೊಳ್ಳಬೇಕಾದದ್ದು ಕೈ. ಬಾಯಲ್ಲ. ಇಷ್ಟು ವರ್ಷ ಎರಡೂ ಒಂದೇ ಎಂದುಕೊಂಡಿದ್ದ.

ದೊಡ್ಡಬಸಪ್ಪ ಮುಖ ಗಂಟು ಹಾಕಿಕೊಂಡೇ ಬಂದ. ಮಿಲ್ಲಿನ ಮಂದಿಯೆಲ್ಲ ಸುತ್ತ ನಿಂತಿದ್ದರು. ಮರಿಬಸಪ್ಪ ಎರಡೂ ಕೈ ಚಾಚಿ ಎಲೆ ತಗೊಂಡ, ಹಣೆಗೆ ಒತ್ತಿಕೊಂಡ, ಎಡ ಅಂಗೈಯ ಮೇಲೆ ಇಟ್ಟುಕೊಂಡು ನಿಂತ. ತಂಬಾಕಿನ ವಾಸನೆ ಮೂಗಿಗೆ ಹೊಡೆಯಿತು. ಬಾಯಲ್ಲಿ ನೀರು ಬಂತು, ದವಡೆ ತಾನಾಗಿ ಅಲ್ಲಾಡಿತು, ಕಿವಿ ಬಿಸಿಯಾದವು. ಒಂದು ತುಣುಕು, ಇದೊಂದೇ ಸಲ, ಎಂದು ಒಳಗೊಬ್ಬ ಗೋಗರೆಯುತ್ತಿದ್ದ. ಮರಿಬಸಪ್ಪ ಅವನ ಮಾತನ್ನೂ ಕೇಳಿಸಿಕೊಂಡ, ಉಸಿರನ್ನೂ ನೋಡಿದ. ಹತ್ತು ಉಸಿರು, ಹದಿನೈದು ಉಸಿರು. ಇಪ್ಪತ್ತರ ಆಸುಪಾಸಿನಲ್ಲಿ ದವಡೆ ಸಡಿಲವಾಯಿತು. ತಂಬಾಕು ಕೊಡವಿ ಮಣ್ಣಿಗೆ ಹಾಕಿ, ಬರಿ ಎಲೆಯನ್ನು ದೊಡ್ಡಬಸಪ್ಪನ ಎತ್ತಿನ ಬಾಯಿಗೆ ಹಿಡಿದ. ಅದು ಒಂದೇ ಸಲಕ್ಕೆ ಎಳೆದುಕೊಂಡಿತು.

"ಡಾಕ್ಟರು ನನಗ ಬ್ಯಾಡ ಅಂದಾರಪ್ಪ. ನಿನ್ನ ಎಲಿ ತಗೊಂಡೀನಿ, ಮಾತು ಗಟ್ಟಿ. ತಿನ್ನಾದು ಬಸವಣ್ಣ ತಿಂದಾನ."

ದೊಡ್ಡಬಸಪ್ಪ ಒಂದು ಗಳಿಗೆ ಪಿಳಿಪಿಳಿ ನೋಡಿ, ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಆತು ಬಿಡ್ರಿ! ಇಳಸ್ರಲೇ ಚೀಲ!"

ಡಿಸೆಂಬರಿನಲ್ಲಿ ಡಾಕ್ಟರು ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಎಂಟಾಣೆ ಇದ್ದದ್ದು ಸಾಸಿವೆಯಷ್ಟಾಗಿತ್ತು. "ಕತ್ತರಿ ಬೇಡ. ಮತ್ತೆ ಹಾಕಿದರೆ ಮಾತ್ರ ನನ್ನ ಹತ್ತಿರ ಬರಬೇಡಿ," ಎಂದರು. ಮರಿಬಸಪ್ಪನಿಗೆ ಅಳು ಬಂದುಬಿಟ್ಟಿತು. ನಾಚಿಕೆಯಿಲ್ಲದೆ ಅತ್ತ.

ಅಲ್ಲಿಂದ ಸೀದಾ ಕುರುಗೋಡು. ಈ ಸಲ ಬಸ್ ಸ್ಟ್ಯಾಂಡಿನಿಂದ ಯಾರನ್ನೂ ಕಳಿಸಲಿಲ್ಲ. ದಾರಿ ಕೇಳಿಕೊಂಡು ಕೇರಿಗೆ ನಡೆದ. ಎರಡು ಕಡೆಯ ಕಟ್ಟೆಗಳ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದರು. ಪಡಸಾಲೆಯಲ್ಲಿ ಹೊನ್ನೂರಪ್ಪ ಕೂತಿದ್ದ. ಮರಿಬಸಪ್ಪ ಒಳಗೆ ಹೋಗಿ ಚಾಪೆಯ ಮೇಲೆ ಕೂತು, ಬಾಯಿ ಅಗಲ ತೆರೆದು ತೋರಿಸಿದ.

"ಉಳೀತ್ರಿ ಹೊನ್ನೂರಪ್ಪಾರ, ಬಾಯಿ ಉಳೀತು. ಒಂದೀಟು ನೀರು ಕೊಡ್ರಿ."

ಹೊನ್ನೂರಪ್ಪ ಅವನ ಮುಖವನ್ನೇ ನೋಡಿದ. "ನೀವು ಕುಡದ್ರ ನನ್ನ ಮನಿ ದೊಡ್ಡದಾಗಂಗಿಲ್ಲ, ಬಿಟ್ರ ಸಣ್ಣದಾಗಂಗಿಲ್ಲ. ಬಾಯಾರಿಕಿ ಆಗಿದ್ರ ಕುಡೀರಿ," ಎಂದು ಒಳಗಿನಿಂದ ಹಿತ್ತಾಳೆ ಲೋಟ ತುಂಬಿ ತಂದು ಕೊಟ್ಟ.

ಮರಿಬಸಪ್ಪ ಲೋಟ ಎತ್ತಿದ. ಎದೆಯ ಮಟ್ಟಕ್ಕೆ ಬಂದದ್ದೇ ಕೈ ನಿಂತಿತು. ಮುಟ್ಟಬ್ಯಾಡ ಎಂದು ಯಾರೋ ಒಳಗಿನಿಂದ ಹಿಡಿದಂತಾಯಿತು. ಅವನಿಗೆ ದಿಗಿಲಾಯಿತು. ತಂಬಾಕು ಮೂವತ್ತು ವರ್ಷದ ಚಟ. ಇದು ಐವತ್ತೆರಡು ವರ್ಷದ್ದು. ಇದನ್ನು ಬಾಯಿಗೆ ಇಟ್ಟವರು ಯಾರು, ಯಾವಾಗ, ಅವನಿಗೆ ಗೊತ್ತೇ ಆಗಿರಲಿಲ್ಲ.

ನಿಂತ ಕೈಯನ್ನು ಹೊನ್ನೂರಪ್ಪ ಕಂಡ. ಕಂಡೂ ಕಣ್ಣು ಸರಿಸಲಿಲ್ಲ. ಮರಿಬಸಪ್ಪನೂ ಕೈಯನ್ನು ಮರೆಮಾಡಲಿಲ್ಲ. ತನ್ನ ಕೈಯನ್ನೇ ನೋಡುತ್ತ ಕೂತ. ಒಂದು ಉಸಿರು ಹೋಯಿತು, ಬಂತು. ಇನ್ನೊಂದು. ಮತ್ತೊಂದು. ನಾಚಿಕೆಯಿಂದ ಅವನ ಕಣ್ಣು ತುಂಬಿದವು, ಕೈ ಮಾತ್ರ ಕೆಳಗಿಳಿಯಲಿಲ್ಲ.

ಆಮೇಲೆ ಲೋಟವನ್ನು ತುಟಿಗೆ ಹಚ್ಚಿ ಗಟಗಟ ಕುಡಿದ. ತಣ್ಣಗಿನ ನೀರು ವಾಸಿಯಾದ ಕೆನ್ನೆಗೆ ತಾಕುತ್ತ ಇಳಿಯಿತು. ಬರಿದಾದ ಲೋಟವನ್ನು ಹೊನ್ನೂರಪ್ಪನ ಕಡೆ ಚಾಚಿ, "ಇನ್ನೊಂದು ಲೋಟ ಕೊಡ್ರಿ," ಎಂದ.